ಹಂಪಿಯಲ್ಲಿ ನನ್ನನ್ನು ನೋಡಲು ಬಂದವರು

ಹೊಸಪೇಟೆಯವರಿಗೆ ಹಂಪಿ ನೋಡಲು ಪುರುಸೊತ್ತಿರುವುದಿಲ್ಲ. ಮಕ್ಕಳ ಜವಳಕ್ಕೆ ಹೋಗುತ್ತೇವೆ, ಮದುವೆಗೆ ಹೋಗುತ್ತೇವೆ, ವಿರೂಪಾಕ್ಷನಿಗೆ ಕಾಯಿ ಒಡೆಸಿ, ಹೊಳೆಯಲ್ಲಿ ಕಾಲು ತೊಳೆದು, ಕಟ್ಟಿಕೊಂಡು ಹೋದ ಬುತ್ತಿ ಬಿಚ್ಚಿ ಉಂಡು ಬರುತ್ತೇವೆ. ಎಲ್ಲಿಂದಲೋ ಬಂದವರು ಬಿಸಿಲಲ್ಲಿ ಸುಟ್ಟುಕೊಂಡು ಕಲ್ಲುಗಳ ನಡುವೆ ಸುತ್ತುವುದನ್ನು ಕಂಡು, "ಏನೈತಂತ ನೋಡ್ತಾವಪ್ಪ ಇವು" ಎಂದು ನಗುತ್ತೇವೆ. ನಾನೂ ಹಾಗೇ ಬೆಳೆದವಳು. ಟಿಕೆಟು ಕೊಂಡು, ಬಸ್ಸಿನಲ್ಲಿ ಕುಳಿತು, ಗೈಡ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಹಂಪಿ ನೋಡಿದ್ದು ಒಂದೇ ಒಂದು ಸಲ. ಅದೂ ಹಂಪಿಯನ್ನು ನೋಡುವುದಕ್ಕಲ್ಲ. ಗಂಡಿನ ಕಡೆಯವರು ನನ್ನನ್ನು ನೋಡಲಿ ಎಂದು.

ಅದು ಗಣಿಯ ಕಾಲ. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಬಂದರಿನ ಕಡೆ ಹೊರಟಿದ್ದವು. ಬೇವಿನ ಮರದ ಎಲೆ ಕೆಂಪು, ಒಣಹಾಕಿದ ಬಟ್ಟೆ ಕೆಂಪು, ಮೂಗು ಒರೆಸಿದರೆ ಕರವಸ್ತ್ರ ಕೆಂಪು. ಊರಿನ ಬಾಯಲ್ಲೂ ಅದೇ ಮಾತು. ಯಾರದಾದರೂ ಮನೆಯ ಹುಡುಗನ ವಿಷಯ ಬಂದರೆ ಏನು ಓದಿದ್ದಾನೆ ಎಂದು ಯಾರೂ ಕೇಳುತ್ತಿರಲಿಲ್ಲ. ಲಾರಿ ಎಷ್ಟು ಓಡುತ್ತವೆ ಎಂದು ಕೇಳುತ್ತಿದ್ದರು.

ನಾನು ಆ ಕೆಂಪು ಮಣ್ಣಿನಿಂದಲೇ ಅನ್ನ ತಿನ್ನುತ್ತಿದ್ದೆ. ರಸಾಯನಶಾಸ್ತ್ರ ಓದಿ, ಸಂಡೂರಿನ ಬಳಿ ಅದಿರು ಪರೀಕ್ಷೆ ಮಾಡುವ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿದ್ದೆ. ಗಣಿಯಿಂದ ಚೀಲಗಳಲ್ಲಿ ಮಾದರಿ ಬರುತ್ತಿತ್ತು. ಅದನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ಆಸಿಡ್‌ನಲ್ಲಿ ಕುದಿಸಿ ಕರಗಿಸಿ, ಗಾಜಿನ ನಳಿಕೆಯಿಂದ ಹನಿಹನಿಯಾಗಿ ದ್ರಾವಣ ಬಿಡುತ್ತ ಕುಳಿತುಕೊಳ್ಳಬೇಕು. ಹಸಿರಾಗಿದ್ದ ನೀರು ಕೊನೆಗೆ ಯಾವುದೋ ಒಂದು ಹನಿಗೆ ಫಕ್ಕನೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಗೆ ಕೈ ನಿಲ್ಲಿಸಬೇಕು. ಅದರಿಂದ ಆ ಮಣ್ಣಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ಹೇಳಬಹುದು. ಆ ಹನಿಯನ್ನು ಹಿಡಿಯುವುದು ನನಗೆ ಚೆನ್ನಾಗಿ ಬರುತ್ತಿತ್ತು. ನನ್ನ ಜಂಬಕ್ಕೆ ಹೇಳುತ್ತಿಲ್ಲ. ಬೇರೆಯವರ ಫಲಿತಾಂಶದ ಮೇಲೆ ಸಂಶಯ ಬಂದರೆ ಚೀಲ ನನ್ನ ಮೇಜಿಗೇ ಬರುತ್ತಿತ್ತು. ನನಗೆ ಆ ಕೆಲಸದ ಮೇಲೆ ಪ್ರಾಣ.

ಮದುವೆಯ ಮಾತು ಬಂದಾಗಲೆಲ್ಲ ಮೊದಲು ಹೋಗುತ್ತಿದ್ದದ್ದು ಅದೇ ಪ್ರಾಣ. ನೋಡಲು ಬಂದವರು ಉಪ್ಪಿಟ್ಟು ಮುಗಿಸುವ ಮೊದಲೇ ಕೇಳುತ್ತಿದ್ದರು, "ಹುಡುಗಿ ಕೆಲಸಾ ಬಿಡತಾಳಲ್ಲರಿ?" ಅಪ್ಪ ಕೂಡಲೇ, "ಬಿಡಸ್ತೀವ್ರಿ, ಅದೇನ ದೊಡ್ಡ ಮಾತು" ಅನ್ನುತ್ತಿದ್ದರು. ಅಪ್ಪನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಗಿರಾಕಿ ಬಾಯಿ ತೆರೆಯುವ ಮೊದಲೇ ಥಾನು ಬಿಚ್ಚಿ ಹರಡಿ ರೂಢಿಯಾದ ಕೈ. ಹಾಗೆ ನನ್ನ ಕೆಲಸವನ್ನೂ ಹರಡಿಬಿಡುತ್ತಿದ್ದರು. ಆಮೇಲೆ ಬಣ್ಣ ಕಡಿಮೆ ಎಂದೋ, ವಯಸ್ಸು ಜಾಸ್ತಿ ಎಂದೋ ಆ ಸಂಬಂಧ ಬಿದ್ದುಹೋಗುತ್ತಿತ್ತು. ನನಗೆ ದುಃಖವೇನೂ ಆಗುತ್ತಿರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು. ನನ್ನನ್ನು ಒಪ್ಪುವ ಮೊದಲೇ ನನ್ನದನ್ನು ಕೊಟ್ಟುಬಿಡುತ್ತಾರಲ್ಲ ಎಂದು.

ಹೀಗೆ ಬಂದು ಹೋದವರನ್ನು ಓಣಿಯವರು ಲೆಕ್ಕ ಇಡಲು ಶುರುಮಾಡಿದ ಮೇಲೆ ಅವ್ವ ಹಟ ಹಿಡಿದಳು. ಇನ್ನು ಮನೆಯಲ್ಲಿ ತೋರಿಸುವುದು ಬೇಡ, ಹೊರಗೆಲ್ಲಾದರೂ ಆಗಲಿ. ನಮ್ಮ ಕಡೆ ಹೀಗೊಂದು ಪದ್ಧತಿ ಇದೆ. ಎರಡೂ ಮನೆಯವರು ಯಾವುದಾದರೂ ಗುಡಿಯಲ್ಲೋ ಜಾತ್ರೆಯಲ್ಲೋ ಅಕಸ್ಮಾತ್ತಾಗಿ ಸಿಕ್ಕವರ ಹಾಗೆ ಸಿಗಬೇಕು, ಊರು-ಕೇರಿ, ಮಳೆ-ಬೆಳೆ ಮಾತಾಡಬೇಕು, ಬಂದ ವಿಷಯವನ್ನು ಮಾತ್ರ ಯಾರೂ ಎತ್ತಬಾರದು. ಹಿಡಿಸಿದರೆ ಸಂಜೆಗೆ ನಡುವಿನವರ ಮೂಲಕ ಸುದ್ದಿ ಬರುತ್ತದೆ. ಹಿಡಿಸದಿದ್ದರೆ ಯಾರಿಗೂ ಯಾರೂ ಏನೂ ಕೇಳಿಲ್ಲ, ಯಾರ ಮರ್ಯಾದೆಯೂ ಹೋಗಿಲ್ಲ.

ನಡುವಿನವರು ನನ್ನ ಸೋದರಮಾವ. ಮರಿಯಮ್ಮನಹಳ್ಳಿಯಲ್ಲಿದ್ದರು. ಹೊಸಪೇಟೆಯಿಂದ ಆಗಷ್ಟೇ ಒಂದು ದಿನದ ಪ್ರವಾಸದ ಬಸ್ಸು ಶುರುವಾಗಿತ್ತು: ಬೆಳಿಗ್ಗೆ ಹಂಪಿ, ಸಂಜೆ ಕಂಪ್ಲಿಯ ಹೊಳೆ, ಜೊತೆಗೆ ಗೈಡ್. ಅದರಲ್ಲೇ ಎರಡೂ ಮನೆಯವರಿಗೆ ಸೀಟು ಹಿಡಿದರು. "ಕಂಪ್ಲಿ ಕಡಿಯವರು. ಹುಡುಗ, ಅವರವ್ವ, ಇಬ್ಬರ ಬರ್ತಾರ. ಈಗ ನಮ್ಮೂರಾಗ ನೆಂಟರ ಮನಿಗೆ ಬಂದಾರ. ನಾನ ಕರಕೊಂಡು ಬರ್ತೀನಿ. ನೀವೇನೂ ಬಾಯಿ ಬಿಡಬ್ಯಾಡ್ರಿ, ಭಾಳ ಸೂಕ್ಷ್ಮ ಮಂದಿ" ಎಂದು ಅಪ್ಪನಿಗೆ ಎಚ್ಚರಿಕೆ ಕೊಟ್ಟಿದ್ದರು. ಇದು ಕೂಡಿಬಂದರೆ ನನ್ನ ಕೆಲಸ ಹೋದ ಹಾಗೇ ಎಂದು ನನಗೆ ಗೊತ್ತಿತ್ತು. ಲಾರಿ ಇದ್ದ ಮನೆ ಅದು.

ಬಸ್ಸು ಹೊರಡುವ ಹೊತ್ತಾದರೂ ಮಾವನ ಸುಳಿವಿಲ್ಲ. ಅಷ್ಟರಲ್ಲಿ ಬಸ್ಸಿನ ಮಾಲೀಕ ಬಂದು, "ನಿಮ್ಮ ಸಂಬಂಧಿಕರು ಫೋನ್ ಮಾಡಿದ್ರು. ಲಾರಿ ಜಾಮ್ ಆಗಿ ದಾರ್ಯಾಗ ಸಿಕ್ಕೊಂಡಾರಂತ. ನೀವು ಹೋಗ್ರಿ ಅಂದ್ರು, ಅಷ್ಟರಾಗ ಲೈನ್ ಕಟ್ಟಾತು" ಎಂದ. ಅದಿರಿನ ಲಾರಿಗಳು ಒಂದರ ಹಿಂದೊಂದು ನಿಂತರೆ ಆ ದಾರಿಯಲ್ಲಿ ಮಧ್ಯಾಹ್ನವೇ ಆಗುತ್ತಿತ್ತು, ಯಾರಿಗೂ ಆಶ್ಚರ್ಯವಾಗಲಿಲ್ಲ. ನಾವು ಹತ್ತಿದೆವು. ಮುಂದಿನ ಸೀಟಿನಲ್ಲಿ ಇಳಕಲ್ ಸೀರೆ ಉಟ್ಟ ದಪ್ಪನೆಯ ಹೆಂಗಸೊಬ್ಬರು, ಪಕ್ಕದಲ್ಲಿ ಮಗನೆಂದು ಕಾಣುವ ಗಂಡಸು. ಅಪ್ಪ ಬಗ್ಗಿ, "ಯಾವ ಊರಾತ್ರಿ ತಮ್ಮದು?" ಎಂದರು.

"ಮೆಟ್ರಿರೀ. ಕಂಪ್ಲಿ ಹತ್ರ" ಎಂದರು ಆಕೆ.

ಅಪ್ಪ ನಮ್ಮ ಕಡೆ ತಿರುಗಿ ಹುಬ್ಬು ಹಾರಿಸಿದರು. ಮಾವ ಮಾತ್ರ ಸಿಕ್ಕಿಬಿದ್ದಿದ್ದಾನೆ, ಇವರು ಬೇರೆ ದಾರಿ ಹಿಡಿದು ಮೊದಲೇ ಬಂದುಬಿಟ್ಟಿದ್ದಾರೆ ಎಂದು ಅವರ ಲೆಕ್ಕ. ಅವ್ವ ನನ್ನ ಸೆರಗು ಸರಿಮಾಡಿ, "ಕೈ ಮುಚ್ಕೊ" ಎಂದು ಪಿಸುಗುಟ್ಟಿದಳು. ನನ್ನ ಬೆರಳುಗಳ ಮೇಲೆ ಆಸಿಡ್ ಕಲೆಗಳಿದ್ದವು. ಹಿಂದಿನ ಸಂಜೆ ಅವ್ವ ಅದರ ಮೇಲೆ ಗೋರಂಟಿ ಮೆತ್ತಿದ್ದಳು. ಬೆಳಿಗ್ಗೆ ನೋಡಿದರೆ ಗೋರಂಟಿಯೂ ಇತ್ತು, ಕಲೆಯೂ ಇತ್ತು, ಎರಡೂ ಸೇರಿ ಏನೋ ಚರ್ಮದ ಬೇನೆಯ ಹಾಗೆ ಕಾಣುತ್ತಿತ್ತು.

ನಮ್ಮ ಗೈಡ್ ಮೈಕು ಹಿಡಿದರೆ ಒಬ್ಬ, ಬಿಟ್ಟರೆ ಇನ್ನೊಬ್ಬ. ಮೈಕಿನಲ್ಲಿ, "ಮಾನ್ಯ ಪ್ರವಾಸಿ ಬಾಂಧವರೇ, ಮುತ್ತುರತ್ನಗಳನ್ನು ಬೀದಿಯಲ್ಲಿ ಅಳೆದ ನಾಡಿಗೆ ತಮಗೆ ಸುಸ್ವಾಗತ" ಎನ್ನುವನು. ಮೈಕು ಕೆಳಗಿಟ್ಟು ಡ್ರೈವರನಿಗೆ, "ಲೇ, ಜಲ್ದಿ ಹೊಡಿಯಲೇ, ನೆರಳಿಗೆ ಜಾಗ ಸಿಗಂಗಿಲ್ಲ" ಎನ್ನುವನು. ಹೇಮಕೂಟ ಹತ್ತಿಸಿದ, ವಿರೂಪಾಕ್ಷನ ಗುಡಿಯ ಒಳಗೆ ಗೋಪುರದ ನೆರಳು ತಲೆಕೆಳಗಾಗಿ ಬೀಳುವ ಗೋಡೆ ತೋರಿಸಿದ. ಎಷ್ಟೋ ಸಲ ಆ ಗುಡಿಗೆ ಬಂದಿದ್ದರೂ ನಾನು ಅದನ್ನು ನೋಡಿರಲಿಲ್ಲ. ಆ ಸಣ್ಣ ಕಿಂಡಿಯಿಂದ ಬೆಳಕು ಬಂದು ಅಷ್ಟು ದೊಡ್ಡ ಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿದ್ದು ಕಂಡು ಬಾಯಿ ತೆರೆದು ನಿಂತುಬಿಟ್ಟೆ. ಪಕ್ಕದಲ್ಲಿ ಆಕೆಯೂ ಬಾಯಿ ತೆರೆದು ನಿಂತಿದ್ದರು. ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಅಲ್ಲಿಂದ ಶುರುವಾಯಿತು ನಮ್ಮ ಸ್ನೇಹ.

ಬಜಾರಿನ ಕಲ್ಲು ಮಂಟಪಗಳಲ್ಲಿ ಆಗಿನ್ನೂ ಜನ ಸಂಸಾರ ಮಾಡಿಕೊಂಡಿದ್ದರು. ಒಂದರಲ್ಲಿ ಚಹಾ, ಒಂದರಲ್ಲಿ ಬಾಳೆಹಣ್ಣು, ಇನ್ನೊಂದರ ಕಂಬಕ್ಕೆ ಹಗ್ಗ ಕಟ್ಟಿ ಕೂಸಿನ ಬಟ್ಟೆ. ಗೈಡ್ ಅವರ ಕಡೆ ನೋಡದೆ, "ಕಣ್ಣು ಮುಚ್ಚಿ ಊಹಿಸಿಕೊಳ್ಳಿ, ಇಲ್ಲಿ ವಜ್ರದ ವ್ಯಾಪಾರಿಗಳು ಕುಳಿತಿದ್ದರು" ಎಂದ.

"ಕಣ್ಣು ಮುಚ್ಚೂದಾಗಿದ್ರ ಮನ್ಯಾಗ ಮುಚ್ತಿದ್ದೆ. ನೋಡಾಕಂತ ಬಂದೀನಪ್ಪಾ" ಎಂದರು ಆಕೆ, ಎಲ್ಲರಿಗೂ ಕೇಳುವ ಹಾಗೆ. ಬಸ್ಸಿನವರೆಲ್ಲ ನಕ್ಕರು. ಗೈಡ್‌ನ ಮುಖ ಸಣ್ಣದಾಯಿತು. ಇಂಥ ಅತ್ತೆಯೇ ಎಂದು ಅವ್ವನಿಗೆ ಸ್ವಲ್ಪ ದಿಗಿಲಾದ ಹಾಗೆ ಕಂಡಿತು. ನನಗೆ ಮಾತ್ರ ಅವರು ಹಿಡಿಸಿಬಿಟ್ಟರು.

ಹುಡುಗನ ವಿಷಯ ಹೇಳುವುದಾದರೆ, ಹೇಳುವಂಥದ್ದೇನೂ ಇರಲಿಲ್ಲ. ಬಸ್ಸು ನಿಂತ ಕಡೆಯೆಲ್ಲ ಇಳಿದು, ಮೊಬೈಲು ಕಿವಿಗಿಟ್ಟುಕೊಂಡು, ದೂರದ ಬಂಡೆಯ ಹಿಂದೆ ಹೋಗಿ ನಿಲ್ಲುತ್ತಿದ್ದ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. "ಭಾಳ ಸಭ್ಯ ಅದಾನ" ಎಂದಳು ಅವ್ವ. "ವ್ಯವಹಾರ ದೊಡ್ಡದೈತಿ ಅನಸ್ತೈತಿ, ಫೋನ್ ಬಿಡವಲ್ದು" ಎಂದರು ಅಪ್ಪ. ಒಳ್ಳೆಯದನ್ನೇ ಕಾಣಬೇಕೆಂದು ಹೊರಟವರಿಗೆ ಬಂಡೆಯ ಹಿಂದೆ ನಿಂತ ಬೆನ್ನಿನಲ್ಲೂ ಗುಣ ಕಾಣುತ್ತದೆ.

ಕಮಲಮಹಲು ನೋಡಿ ಆನೆ ಲಾಯದ ಹತ್ತಿರ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಆಕೆ ಮಂಡಿ ಹಿಡಿದುಕೊಂಡು ಮರದ ನೆರಳಲ್ಲಿ ಹುಲ್ಲಿನ ಮೇಲೆ ಕುಳಿತರು. "ನಾ ಇಲ್ಲಿಂದಾನ ನೋಡ್ತೀನಿ. ಆನಿ ಎಲ್ಲೀವು, ಬರೀ ಮನಿ ಅಷ್ಟ ಅದಾವು." ನಾನೂ ಪಕ್ಕದಲ್ಲಿ ಕುಳಿತೆ. ಅವ್ವ ಬೇಕೆಂದೇ ನಮ್ಮನ್ನು ಬಿಟ್ಟು ಗೈಡ್ ಹಿಂದೆ ಹೋದಳು. ಅಪ್ಪ ಅದೇ ಮರದ ಇನ್ನೊಂದು ಬದಿಗೆ ಬೆನ್ನು ಕೊಟ್ಟು ಕುಳಿತು ಪೇಪರು ಬಿಚ್ಚಿದರು.

ಆಕೆ ನನ್ನ ಕೈ ಎಳೆದು ತೊಡೆಯ ಮೇಲೆ ಇಟ್ಟುಕೊಂಡರು. "ಇದೇನ ತಂಗಿ, ಸುಟ್ಟೈತಲ್ಲ?"

ಮುಚ್ಚಿಡುವುದು ನನ್ನ ಜಾಯಮಾನವಲ್ಲ. ಹೇಳಿದೆ. ಮಣ್ಣು ಅರೆಯುವುದು, ಕುದಿಸುವುದು, ಹನಿ ಬಿಡುವುದು, ಬಣ್ಣ ತಿರುಗುವುದು, ಎಲ್ಲ. ಅವರು ನಡುವೆ ನಡುವೆ ಪ್ರಶ್ನೆ ಕೇಳಿದರು. ಒಂದು ಹನಿ ಹೆಚ್ಚು ಬಿದ್ದರೆ ಏನಾಗುತ್ತದೆ? ಮತ್ತೆ ಮೊದಲಿಂದ ಮಾಡಬೇಕೇ? ಬಣ್ಣ ತಿರುಗುತ್ತದೆ ಎಂದು ಮೊದಲೇ ಗೊತ್ತಾಗುತ್ತದೆಯೇ? ನೋಡಲು ಬಂದ ಯಾವ ಹೆಂಗಸೂ ನನ್ನ ಕೆಲಸ ಏನೆಂದು ಇಷ್ಟು ಕೇಳಿರಲಿಲ್ಲ. ಬಿಡುತ್ತಾಳೋ ಇಲ್ಲವೋ ಎಂಬುದಷ್ಟೇ ಅವರಿಗೆ ಬೇಕಾಗಿತ್ತು.

"ತಿರುಗೂಕಿಂತ ಮೊದಲ ಗೊತ್ತಾಗತೈತ್ರಿ" ಎಂದೆ. "ಹನಿ ಬಿದ್ದ ಜಾಗದಾಗ ಬಣ್ಣ ಸ್ವಲ್ಪ ಹೊತ್ತು ನಿಲ್ಲತೈತಿ. ಆಗ ಕೈ ನಿಧಾನ ಮಾಡಬೇಕು. ಯಾರೂ ಹೇಳಿಕೊಟ್ಟಿಲ್ಲ, ಮಾಡಿ ಮಾಡಿ ಬಂದೈತಿ."

ಆಕೆ ಆನೆ ಲಾಯದ ಖಾಲಿ ಬಾಗಿಲುಗಳ ಕಡೆ ಕಣ್ಣು ಹಾಯಿಸಿದರು. ನನ್ನ ಕೈ ಬಿಟ್ಟಿರಲಿಲ್ಲ.

"ನಮ್ಮಪ್ಪಗ ಬೆಲ್ಲದ ಗಾಣ ಇತ್ತು" ಎಂದರು. "ಕೊಪ್ಪರಿಗ್ಯಾಗ ಕಬ್ಬಿನ ಹಾಲು ಕುದಿಯೂ ಮುಂದ ಹದ ನೋಡೂದು ನನ್ನ ಕೆಲಸ. ಗುಳ್ಳಿ ನೋಡಿದ್ರ ಸಾಕು, ವಾಸನಿ ಬಂದ್ರ ಸಾಕು, ಇಳಸ್ರಿ ಅಂತಿದ್ದೆ. ಆಳುಮಕ್ಕಳು ನನ್ನ ಬಾಯಿ ನೋಡ್ತಿದ್ರು. ಅಪ್ಪ ಒಲಿ ಮುಂದ ನಿಂತಿದ್ರೂ ನನ್ನ ಕೇಳತಿದ್ದ. ಮದುವಿ ಆತು. ಈ ಮನ್ಯಾಗೂ ಗಾಣ ಇತ್ತು. ಯಾರೂ ನನ್ನ ಕೇಳಲಿಲ್ಲ, ಹೆಣಮಕ್ಕಳು ಅತ್ತಾಗ ಹೋಗಬಾರದು ಅಂದ್ರು. ಬಾಗಲದಾಗ ನಿಂತು ವಾಸನಿ ನೋಡತಿದ್ದೆ. ಹದ ಮೀರಿತು ಅಂತ ಗೊತ್ತಾಗ್ತಿತ್ತು, ಬಾಯಿ ಮುಚ್ಕೊಂಡ ಒಳಗ ಹೋಗತಿದ್ದೆ."

"ಈಗ?" ಎಂದೆ.

"ಈಗ ಮರತೈತಿ. ಹ್ವಾದ ವರ್ಷ ಮಗ ಕೇಳಿದ. ಅವ್ವಾ, ನಿನಗ ಬರತೈತಂತಲ್ಲ, ನೋಡು ಬಾ ಅಂದ. ಹೋಗಿ ನಿಂತೆ. ಬರೀ ಹೊಗಿ ಕಂಡಿತು ನೋಡು, ಏನೂ ತಿಳೀಲಿಲ್ಲ. ಅವತ್ತು ಅತ್ತಷ್ಟು ನಮ್ಮಪ್ಪ ಸತ್ತಾಗೂ ಅತ್ತಿಲ್ಲ."

ಆಗ ನಾನು ಪದ್ಧತಿ ಮುರಿದೆ. ಸೂಕ್ಷ್ಮ ಮಂದಿ, ಬಾಯಿ ಬಿಡಬೇಡಿ ಎಂದು ಮಾವ ಹೇಳಿದ್ದು ನೆನಪಿತ್ತು. ಆದರೂ ಕೇಳಿಬಿಟ್ಟೆ. "ನಿಮ್ಮ ಮನಿಗೆ ಬಂದ ಸೊಸಿ ಕೆಲಸಕ್ಕ ಹೋಗ್ತೀನಿ ಅಂದ್ರ, ನೀವು ಏನಂತೀರಿ?"

"ಹೋಗು ಅಂತೀನಿ" ಎಂದರು ಆಕೆ, ಇದನ್ನೂ ಕೇಳಬೇಕೇ ಎನ್ನುವ ಹಾಗೆ. "ಅಲ್ಲ ತಂಗಿ, ಕಲ್ತದ್ದನ್ನ ಬಿಡಿಸಿ ಅವರಿಗೇನ ಬರತೈತಿ? ಒಂದು ಜ್ವಾಳದ ರೊಟ್ಟಿ ಹೆಚ್ಚಿಗಿ ಬರತೈತೇನು? ನಿನ್ನ ಕೈಯಾಂದು ಹೊಕ್ಕೈತಿ, ಅವರಿಗೇನೂ ಬರೂದಿಲ್ಲ."

ಮರದ ಆಚೆ ಪೇಪರಿನ ಸದ್ದು ನಿಂತಿತ್ತು. ಅಪ್ಪ ಕೇಳಿಸಿಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕ್ಷಣ ನಾನು ಆ ಸಂಬಂಧಕ್ಕೆ ಒಪ್ಪಿಬಿಟ್ಟಿದ್ದೆ. ಹುಡುಗ ಬಂಡೆಯ ಹಿಂದೆ ಫೋನಿನಲ್ಲಿದ್ದ, ಇದ್ದರೆ ಇರಲಿ. ನಾನು ಒಪ್ಪಿದ್ದು ಅತ್ತೆಯನ್ನು.

ಅಲ್ಲಿಂದ ಮುಂದೆ ಹಂಪಿ ನನ್ನ ಕಣ್ಣಿಗೆ ಬೇರೆಯೇ ಆಗಿ ಕಂಡಿತು. ಖುಷಿಯಲ್ಲಿದ್ದವಳಿಗೆ ಮುರಿದ ಗೋಡೆಯೂ ಚಂದ ಎಂದುಕೊಳ್ಳಬಹುದು, ಇದ್ದರೂ ಇದ್ದೀತು. ಆದರೆ ಕಲ್ಲಿನ ರಥದ ಮುಂದೆ ನಿಂತಾಗ ನನಗೆ ರಾಜರು ನೆನಪಾಗಲಿಲ್ಲ. ಈ ಗಾಲಿಯ ಹೂವು ಕೆತ್ತುವಾಗ ಎಲ್ಲಿ ಉಳಿ ನಿಲ್ಲಿಸಬೇಕೆಂದು ಒಬ್ಬನಿಗೆ ಗೊತ್ತಿತ್ತಲ್ಲ, ಅವನು ನೆನಪಾದ. ಅವನ ಹೆಂಡತಿಗೂ ತಂಗಿಗೂ ಏನೇನು ಗೊತ್ತಿತ್ತೋ. ಹೊಸಪೇಟೆಯಲ್ಲಿ ಹುಟ್ಟಿದ್ದಕ್ಕೆ, ಇಷ್ಟು ಹತ್ತಿರ ಇದೆಲ್ಲ ಇರುವುದಕ್ಕೆ, ಮೊದಲ ಸಲ ಕೃತಜ್ಞಳಾದೆ. ಗೈಡ್ ಫೋಟೋಕ್ಕೆ ನಿಲ್ಲಿಸಿದಾಗ ಆಕೆ ನನ್ನನ್ನು ತಮ್ಮ ಪಕ್ಕಕ್ಕೆ ಎಳೆದುಕೊಂಡರು. ಅವ್ವ ಅಪ್ಪನ ಮೊಳಕೈ ತಿವಿದದ್ದು ನನಗೆ ಕಂಡಿತು.

ಕಂಪ್ಲಿ ದಾರಿಯಲ್ಲಿ ಕೆಂಪು ಹೋಗಿ ಹಸಿರು ಬಂತು. ಕಾಲುವೆ, ಭತ್ತದ ಗದ್ದೆ, ಕಬ್ಬು, ಬಾಳೆ. ಮೈಕು ಹಿಡಿದವನು ನಿದ್ದೆಹೋಗಿದ್ದ. ಊರು ದಾಟಿ ಕೋಟೆಯ ಕಡೆ ಇಳಿದರೆ ಎದುರಿಗೆ ತುಂಬಿದ ಹೊಳೆ. ನಮ್ಮ ಕಡೆಯವರಿಗೆ ಸಮುದ್ರ ಎಂದರೆ ಇದೇ. ತುಂಗಭದ್ರೆ ಬಂಡೆಗಳಿಂದ ಬಿಡಿಸಿಕೊಂಡು ಇಲ್ಲಿ ಕೈಕಾಲು ಚಾಚಿ ಹರಿಯುತ್ತಾಳೆ. ಹರಿಗೋಲಿನವರು ಬುಟ್ಟಿಯಂಥ ದೋಣಿಗಳನ್ನು ಮಗುಚಿ ಒಣಗಿಸಿದ್ದರು. ಕೋಟೆಯ ಹಳೆಯ ಗುಡಿಯ ಮೆಟ್ಟಿಲ ಮೇಲೆ ಎಲ್ಲರೂ ಕುಳಿತೆವು. ಅಪ್ಪ ಎಲ್ಲರಿಗೂ ಮಂಡಕ್ಕಿ, ಮಿರ್ಚಿ ತರಿಸಿದರು. ಗಾಳಿ ತಂಪಾಗಿತ್ತು. ಅಪ್ಪನ ಮುಖದಲ್ಲಿ ಸಂಬಂಧ ಕೂಡಿಬಂದ ನೆಮ್ಮದಿ.

ಆಕೆ ಮಿರ್ಚಿಯ ತೊಟ್ಟು ಮುರಿಯುತ್ತ ಅಪ್ಪನನ್ನು ಕೇಳಿದರು. "ಒಂದು ಮಾತು ಕೇಳತೀನ್ರಿ, ತಪ್ಪು ತಿಳೀಬ್ಯಾಡ್ರಿ. ಇಷ್ಟು ಚಲೋ ಹುಡುಗಿ ಅದಾಳ. ಅಕಿಗಿನ್ನೂ ಎಲ್ಲೂ ಗಂಡು ನೋಡಿಲ್ಲೇನ್ರಿ?"

ಅಪ್ಪನ ಕೈಯಲ್ಲಿದ್ದ ಮಿರ್ಚಿ ಬಾಯಿಯ ಹತ್ತಿರವೇ ನಿಂತಿತು. ಅವ್ವ ಆಕೆಯ ಮಗನ ಕಡೆ ನೋಡಿದಳು, ಆಕೆಯ ಕಡೆ ನೋಡಿದಳು, ಕೊನೆಗೆ ಹೊಳೆಯ ಕಡೆ ನೋಡಿದಳು. ಕಡೆಗೆ ಅಪ್ಪನೇ, ತಡವರಿಸುತ್ತ, "ತಮ್ಮ ಮಗಂದು... ಮದುವಿ..." ಎಂದರು.

"ಆಗಿ ಎರಡ ವರ್ಷಾತಲ್ಲರಿ. ಸೊಸಿ ಬಾಣಂತನಕ್ಕ ತವರಿಗೆ ಹೋಗ್ಯಾಳ. ಅದಕ ನೋಡ್ರಿ ಇಂವ, ಮುಂಜಾನಿಂದ ಫೋನ್ ಬಿಟ್ಟಿಲ್ಲ" ಎಂದು ಆಕೆ ಮಗನ ಬೆನ್ನಿಗೆ ಗುದ್ದಿದರು. ಅವನು ನಾಚಿ ನಕ್ಕ. ಆ ದಿನ ಅವನು ನಮ್ಮ ಕಡೆ ನೋಡಿದ್ದು ಅದೇ ಮೊದಲು.

ಬೆಳಿಗ್ಗೆಯೇ ನಮ್ಮಲ್ಲಿ ಒಬ್ಬರು ಬಾಯಿಬಿಟ್ಟು ಒಂದು ಮಾತು ಕೇಳಿದ್ದರೆ ಗೊಂದಲ ಬಸ್ ಸ್ಟ್ಯಾಂಡಿನಲ್ಲೇ ಮುಗಿಯುತ್ತಿತ್ತು. ಆದರೆ ಕೇಳದಿರುವುದೇ ಮರ್ಯಾದೆ ಎಂದು ನಾವು ಊರೆಲ್ಲ ಸುತ್ತಿ ಬಂದಿದ್ದೆವು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕೇಳುತ್ತ ಕೇಳುತ್ತ ಆಕೆಯ ಮೈ ಕುಲುಕತೊಡಗಿತು. ಮೆಟ್ಟಿಲ ಮೇಲೆ ಕೈಯೂರಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಅಯ್ಯ ನನ ಶಿವನ! ಅದಕ ಏನ ಈ ತಂಗಿ ಅಷ್ಟು ನಯಾ ಮಾಡಿದ್ದು!" ಅವರ ಮಗನೂ ನಕ್ಕ, ಅವ್ವನೂ ಸೆರಗಿನೊಳಗೇ ನಕ್ಕಳು. ನನಗೆ ನಗು ಬರಲಿಲ್ಲ. ಏನೋ ಕೈಗೆ ಬಂದದ್ದು ಹೊಳೆಗೆ ಬಿದ್ದ ಹಾಗಾಗಿತ್ತು.

ಆಕೆಗೆ ಅದು ಗೊತ್ತಾಯಿತು. ನಗು ನಿಲ್ಲಿಸಿ, ಪಕ್ಕದಲ್ಲಿ ಹೂ ಮಾರುವವಳ ಹತ್ತಿರ ಒಂದು ಮೊಳ ಮಲ್ಲಿಗೆ ಕೊಂಡು, ನನ್ನ ಜಡೆಗೆ ತಾವೇ ಮುಡಿಸಿದರು. "ಇನ್ನೊಬ್ಬ ಮಗ ಇದ್ದಿದ್ರ ಬಿಡತಿದ್ದಿಲ್ಲವಾ ನಿನ್ನ" ಎಂದರು. ಆಮೇಲೆ ಅಪ್ಪನ ಕಡೆ ತಿರುಗಿ, "ನಾ ಆ ಗಿಡದ ಬುಡಕ ಆಡಿದ ಮಾತು ನಿಮಗೂ ಕೇಳೇತೇನೋ. ನೀವು ಅಂದ್ಕೊಂಡವರು ನಾನಲ್ಲ. ಆದ್ರ ಮಾತು ನಂದ ಐತಿ, ಅದನ್ನ ತಿರುಗಿ ತೊಗೊಳ್ಳೂದಿಲ್ಲ" ಎಂದರು. ಅಪ್ಪ ಎರಡೂ ಕೈ ಮುಗಿದರು. ಕಂಪ್ಲಿಯಲ್ಲೇ ಇಳಿದು ಅವರು ಮೆಟ್ರಿಗೆ ಹೋದರು. ಬಸ್ಸು ತಿರುಗುವ ತನಕ ಆಕೆ ಕೈ ಬೀಸುತ್ತ ನಿಂತಿದ್ದರು.

ಆಮೇಲೆ ನಾನು ಅವರನ್ನು ಕಂಡಿಲ್ಲ. ಮೆಟ್ರಿಯ ಮೇಲೆ ಹಾದುಹೋದಾಗಲೆಲ್ಲ ಬಸ್ಸಿನ ಕಿಟಕಿಯಿಂದ ಹುಡುಕಿದ್ದೇನೆ. ಕೊಟ್ಟವರಿಗೆ ಕೊಟ್ಟದ್ದು ಗೊತ್ತಿಲ್ಲದಿದ್ದರೆ ಋಣ ತೀರಿಸುವುದು ಕಷ್ಟ. ಗಣಿಗಳು ನಿಂತವು, ನಮ್ಮ ಪ್ರಯೋಗಾಲಯ ಮುಚ್ಚಿತು, ನಾನು ಬೇರೆ ಕಡೆ ಅದೇ ಕೆಲಸ ಹಿಡಿದೆ, ಮದುವೆಯೂ ಆಯಿತು. ಇವತ್ತೂ ಬಣ್ಣ ತಿರುಗುವ ಮೊದಲು ನನ್ನ ಕೈ ತಾನಾಗಿ ನಿಧಾನವಾಗುತ್ತದೆ. ಮರೆತಿಲ್ಲ ತಾಯಿ, ನಿಮ್ಮ ಪುಣ್ಯ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ.

ಆ ಕೆಲಸ ನನ್ನ ಕೈಯಲ್ಲಿ ಉಳಿದದ್ದು ಹಂಪಿಯಿಂದ ಬಂದ ಮುಂದಿನ ಭಾನುವಾರ. ಲಾರಿ ಜಾಮಿನಲ್ಲಿ ಸಿಕ್ಕಿಬಿದ್ದಿದ್ದ ನಿಜವಾದ ಗಂಡಿನವರು ಮಾವನ ಜೊತೆ ಮನೆಗೇ ಬಂದರು. ಹುಡುಗ ನೋಡಲು ಚೆನ್ನಾಗಿದ್ದ, ನನ್ನ ಕಡೆಯೂ ನೋಡಿದ. ಅವನ ತಾಯಿ ಮೃದುವಾಗಿ ಮಾತಾಡುವವರು. ಅವರಿಗೆ ನಾನು ಹಿಡಿಸಿದ್ದೆ; ಅವ್ವನ ಓಡಾಟದಲ್ಲೇ ಅದು ತಿಳಿಯುತ್ತಿತ್ತು. ಎಲ್ಲ ಮುಗಿದು ಏಳುವ ಹೊತ್ತಿಗೆ ಆ ತಾಯಿ ಹೇಳಿದರು, "ನಮಗೇನೂ ಬ್ಯಾಡ್ರಿ. ಆ ಧೂಳಿನ ಕೆಲಸಾ ಒಂದು ಬಿಡಿಸಿಬಿಡ್ರಿ ಅಷ್ಟ."

ಮಾವ ಅಪ್ಪನ ಪರವಾಗಿ ಆಗಲೇ ತಲೆಯಾಡಿಸಿದ್ದರು. ನಾನು ನೆಲ ನೋಡುತ್ತ ಕುಳಿತಿದ್ದೆ. ಅಪ್ಪನ ಬಾಯಿಂದ ಯಾವ ಮಾತು ಬರುತ್ತದೆಂದು ನನಗೆ ಬಾಯಿಪಾಠವಾಗಿತ್ತು.

"ಇಲ್ಲರಿ" ಎಂದರು ಅಪ್ಪ.

ದನಿ ಸಣ್ಣದಾಗಿತ್ತು. ಇನ್ನೊಮ್ಮೆ ಗಂಟಲು ಸರಿಮಾಡಿಕೊಂಡು, "ಇಲ್ಲರಿ, ಅದ ಆಗೂದಿಲ್ಲ. ಬಿಡಿಸಿದ್ರ ಅಕಿಗೆ ಮರತು ಹೊಕ್ಕೈತಿ" ಎಂದರು.

ಯಾರಿಗೂ ಅರ್ಥವಾಗಲಿಲ್ಲ. ಮಾವ, "ಏನ ಮರತು ಹೊಕ್ಕೈತೋ ಭಾವಾ?" ಎಂದು ಸಿಟ್ಟಿನಿಂದ ಕೇಳಿದರು. ಬಂದವರು ಮರ್ಯಾದೆಯಿಂದಲೇ ಎದ್ದು ಹೋದರು. ಅವರ ಹಿಂದೆ ಮಾವ ಚಪ್ಪಲಿ ಮೆಟ್ಟಿಕೊಂಡು ದಡದಡ ಇಳಿದರು. ಅಡುಗೆಮನೆಯಲ್ಲಿ ಅವ್ವ ಪಾತ್ರೆ ಕುಕ್ಕುವ ಸದ್ದು ಕೇಳುತ್ತಿತ್ತು.

ಅಪ್ಪ ಖಾಲಿ ಕುರ್ಚಿಗಳ ನಡುವೆ ಕುಳಿತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಅಷ್ಟು ವರ್ಷ ಒಂದು ದಿನವೂ ಕೇಳದಿದ್ದ ಮಾತು ಕೇಳಿದರು.

"ಹನಿ ಒಂದು ಹೆಚ್ಚಿಗಿ ಬಿದ್ರ ಏನಾಕೈತಿ ಅಂದಿ?"

ನಾನು ಅವರ ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತು ಹೇಳತೊಡಗಿದೆ.